‘ನೆನ್ನೆ ಇತ್ತು ಸಾ’: ಪಟ್ಟೆತಲೆ ಹೆಬ್ಬಾತಿನ ಪ್ರಮಾಣ ವಿಚಾರ

ಕೆರೆಯಲ್ಲಿ ಅಪರೂಪದ ಹಕ್ಕಿ ಇದೆ ಎಂದು ತಿಳಿಯುವುದು ಯಾವ ಪ್ರಮಾಣದಿಂದ? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಕೆರೆ ಏರಿಗಳ ಮೇಲೆ ಚಳಿಗಾಲ ಬಂತೆಂದರೆ ಈ ಜಿಜ್ಞಾಸೆ ಏಳುತ್ತದೆ. ವಾದದ ವಸ್ತು ಪಟ್ಟೆತಲೆ ಹೆಬ್ಬಾತು. ಬೂದು ಮೈ, ಬಿಳಿ ತಲೆ, ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಇತ್ತ ಬರುತ್ತದೆ. ಜಿಪಿಎಸ್ ಕಟ್ಟಿದ ಹಕ್ಕಿಯೊಂದು 7,290 ಮೀಟರ್ ಎತ್ತರದಲ್ಲಿ ಹಾರಿದ ದಾಖಲೆಯಿದೆ.

ಪ್ರಮಾಣಗಳಲ್ಲಿ ಮೊದಲನೆಯದು ಪ್ರತ್ಯಕ್ಷ, ಅಂದರೆ ಕಣ್ಣಾರೆ ಕಾಣುವುದು. ಜನವರಿಯ ಮಂಜಿನಲ್ಲಿ ಇದು ಕೆಲಸಕ್ಕೆ ಬಾರದು.

ಎರಡನೆಯದು ಅನುಮಾನ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬ ತಾರ್ಕಿಕರ ಹಳೆಯ ಉದಾಹರಣೆಯನ್ನು ಈ ಹೊಗೆಸೊಪ್ಪಿನ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ, ಊರೂರಿಗೂ ಸೊಪ್ಪು ಬೇಯಿಸುವ ಬ್ಯಾರನ್‌ಗಳಿವೆ. ಅದೇ ನ್ಯಾಯದಿಂದ, ಏರಿಯ ಮೇಲೆ ಸಾಲಾಗಿ ಕಾರು ನಿಂತಿದ್ದರೆ ನೀರಿನಲ್ಲಿ ಹಕ್ಕಿ ಇರಲೇಬೇಕು. ಈ ಹೇತುವಿನಲ್ಲಿ ದೋಷವಿದೆ: ಮೊದಲ ಕಾರು ನಿಂತದ್ದು ಟೀ ಕುಡಿಯಲು ಇರಬಹುದು. ಭತ್ತದ ಸೀಮೆಯಾದ ಕೆ.ಆರ್. ನಗರದಲ್ಲಿ ಇನ್ನೊಂದು ತೊಡಕು. ಕೊಯ್ಲಾದ ಗದ್ದೆಗಳಲ್ಲಿ ಮೇಯಿಸಲು ಸಾಕುಬಾತಿನ ಹಿಂಡು ಹೊಡೆದುಕೊಂಡು ಬರುವವರಿದ್ದಾರೆ. ಹಿಂಡಿನ ಹಿಂದೆ ಕೋಲು ಹಿಡಿದವನೊಬ್ಬ ಕಂಡರೆ ಅದು ವಲಸೆ ಹಕ್ಕಿಯಲ್ಲ ಎಂದು ನಿರ್ಣಯಿಸಬಹುದು. ಆದರೆ ನಿರ್ಣಯದ ಹೊತ್ತಿಗೆ ಫೋಟೊ ಆಗಲೇ ಹತ್ತು ಕಡೆ ಹೋಗಿರುತ್ತದೆ.

ಮೂರನೆಯದು ಶಬ್ದ, ಅಂದರೆ ಆಪ್ತವಾಕ್ಯ. ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುವವರು ಹೇಳುತ್ತಾರೆ: ‘ನೆನ್ನೆ ಇತ್ತು ಸಾ.’ ನಗರದ ಪಂಡಿತರು ಇದನ್ನು ಕೇಳಿ ನಗುವುದುಂಟು. ನಗಬಾರದು. ಈ ಹಕ್ಕಿ ಹೆಚ್ಚಾಗಿ ರಾತ್ರಿ ಹೊಲಕ್ಕಿಳಿದು ಮೇಯುತ್ತದೆ, ಹಗಲು ನೀರಿನ ನಡುವೆ ತೂಕಡಿಸುತ್ತದೆ. ಚಿಗುರು ಪೈರು ಕಳೆದುಕೊಂಡವನ ಬಳಿ ಇರುವಷ್ಟು ಗಟ್ಟಿ ಪುರಾವೆ ಐವತ್ತು ಸಾವಿರದ ದುರ್ಬೀನಿನವನ ಬಳಿ ಇರುವುದಿಲ್ಲ.

ಪಿರಿಯಾಪಟ್ಟಣ ಶಾಖೆಯದು ಪ್ರತ್ಯೇಕ ಸಿದ್ಧಾಂತ. 1960ರ ದಶಕದ ಆರಂಭದಿಂದ ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರ ನೆಲೆಯಿದೆ; ಟಿಬೆಟಿನ ಹಕ್ಕಿ ಊರಿನವರನ್ನು ಕಾಣಲು ಮೊದಲು ಅಲ್ಲಿಗೇ ಬರಬೇಕು. ತರ್ಕ ಸುಂದರವಾಗಿದೆ. ಹಕ್ಕಿ ಒಪ್ಪಿಲ್ಲ.

ಎಚ್.ಡಿ. ಕೋಟೆಯವರಿಗೆ ಕಬಿನಿಯಿದೆ. 1974ರಲ್ಲಿ ಮುಗಿದ ಆ ಜಲಾಶಯದ ಹಿನ್ನೀರು ಬೇಸಿಗೆಗೆ ಇಳಿದಂತೆಲ್ಲ ದಡದಲ್ಲಿ ಹುಲ್ಲು ಚಿಗುರುತ್ತದೆ, ಆನೆಗಳು ಬಂದು ಸೇರುತ್ತವೆ. ಹುಲ್ಲು ಹದಕ್ಕೆ ಬರುವ ಮಾರ್ಚ್ ಹೊತ್ತಿಗೆ ಹೆಬ್ಬಾತು ಗಂಟುಮೂಟೆ ಕಟ್ಟಿರುತ್ತದೆ.

ಇನ್ನು ಅನುಪಲಬ್ಧಿ, ಕಾಣದಿರುವುದರಿಂದಲೇ ಹುಟ್ಟುವ ಜ್ಞಾನ. 1987ರಲ್ಲಿ ಆರಂಭವಾದ ಏಷ್ಯಾ ನೀರುಹಕ್ಕಿ ಗಣತಿ ಪ್ರತಿ ಜನವರಿಯಲ್ಲಿ ನಡೆಯುತ್ತದೆ. ಇಂಥ ಲೆಕ್ಕದಲ್ಲಿ ಸೊನ್ನೆಗೂ ಬೆಲೆಯುಂಟು. ಮೀಮಾಂಸಕರು ಕೇಳಿದ್ದರೆ ಹಿಗ್ಗುತ್ತಿದ್ದರು. ಸೊನ್ನೆ ಬರೆಯಬೇಕಾದವನ ಮುಖ ಮಾತ್ರ ಹುಳ್ಳಗಾಗುತ್ತದೆ.

ಇಷ್ಟೆಲ್ಲ ಪ್ರಮಾಣಶಾಸ್ತ್ರ ನಡೆಯುತ್ತಿರುವಾಗ ಪಕ್ಕದ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯಲ್ಲಿ ಇದೇ ಹಕ್ಕಿಗಳು ಹಿಂಡುಹಿಂಡಾಗಿ ಕೂತಿರುತ್ತವೆ. ಮಂಗೋಲಿಯಾದ ಸಂಶೋಧಕರು ತೊಡಿಸಿದ ಕೊರಳಪಟ್ಟಿಯ ಹಕ್ಕಿಗಳೂ ಅಲ್ಲಿ ಕಂಡಿವೆ. ಪಟ್ಟಿಯ ಅಕ್ಷರ, ಅಂಕಿಗಳನ್ನು ದಡದಲ್ಲೇ ಓದಬಹುದು. ಉತ್ತರದಿಂದ ಬಂದವರನ್ನು ಬರಮಾಡಿಕೊಳ್ಳುವುದು ಆ ಊರಿಗೆ ಹೊಸದಲ್ಲ: 1399ರಲ್ಲಿ ಯದುರಾಯ ದ್ವಾರಕೆಯಿಂದ ಬಂದದ್ದೂ ಅಲ್ಲಿಗೇ ಎಂದು ಮೈಸೂರು ಅರಸರ ಐತಿಹ್ಯ ಹೇಳುತ್ತದೆ.

ಹಾಗಾದರೆ ಹದಿನಾರಿಗೇ ಹೋಗಬಾರದೇಕೆ? ಈ ಆಕ್ಷೇಪಕ್ಕೆ ಸಿದ್ಧಾಂತಿಗಳ ಉತ್ತರ ಸಿದ್ಧವಿದೆ. ಅಲ್ಲಿ ಹಕ್ಕಿ ಸಿಗುತ್ತದೆ. ಸಿಗುವುದರಿಂದ ಅದು ಅಪರೂಪವಲ್ಲ. ಅಪರೂಪವಲ್ಲದ್ದನ್ನು ನೋಡಲು ನಸುಕಿನ ನಾಲ್ಕಕ್ಕೆ ಏಳುವುದು ಶಾಸ್ತ್ರಸಮ್ಮತವಲ್ಲ. ಜಾಗತಿಕ ಕೆಂಪು ಪಟ್ಟಿಯೂ ಹೆಬ್ಬಾತನ್ನು ಸದ್ಯಕ್ಕೆ ಆತಂಕವಿಲ್ಲದ ವರ್ಗದಲ್ಲೇ ಇಟ್ಟಿದೆ. ಅಂದಮೇಲೆ ಅಪರೂಪ ಎಂಬುದು ಹಕ್ಕಿಯ ಗುಣವಲ್ಲ, ತಾಲ್ಲೂಕಿನ ಗುಣ. ಹಿಮಾಲಯ ಹತ್ತಿಳಿದ ಹಕ್ಕಿಯನ್ನು ಕಂದಾಯ ಇಲಾಖೆಯ ಗಡಿರೇಖೆಯೊಂದು ದುರ್ಲಭ ಮಾಡಬಲ್ಲದು. ಎಚ್.ಡಿ. ಕೋಟೆಯಿಂದ ಸರಗೂರು, ಕೆ.ಆರ್. ನಗರದಿಂದ ಸಾಲಿಗ್ರಾಮ ಬೇರೆ ತಾಲ್ಲೂಕುಗಳಾದ ಮೇಲಂತೂ ‘ತಾಲ್ಲೂಕಿಗೇ ಮೊದಲು’ ಎಂದು ಬರೆದುಕೊಳ್ಳುವ ಅವಕಾಶ ಒಮ್ಮೆಲೇ ಹೆಚ್ಚಾಗಿದೆ. ಅಲ್ಲಿ ಕಾಗೆ ಕಂಡರೂ ಒಬ್ಬ ಓಡಿಹೋಗಿ ಬರೆದುಕೊಳ್ಳುತ್ತಾನೆ.