ಹಿತ್ತಲ ಇಂಜಿನ್

(ಗಂಗೊಳ್ಳಿ. ತೆಂಗಿನಮರಕ್ಕೆ ಕಟ್ಟಿದ ಹಲಗೆಯಲ್ಲಿ ಹಳೇ ಔಟ್‌ಬೋರ್ಡ್ ಇಂಜಿನ್, ಅಡಿಯಲ್ಲಿ ಡ್ರಮ್ಮು.)

ಭಾವ: ಮಾರಿದವ ದೇವರಾಣೆ ಹಾಕಿದ್ದಾನೆ, ಒಂದೇ ಎಳೆತಕ್ಕೆ ಸ್ಟಾರ್ಟ್ ಅಂತ. ಎಳಿ ಮಾರಾಯ!

ಮಂಜ: ನನ್ನ ರಟ್ಟೆ ಕಳಚಿ ಬಂತು ಭಾವ. ಪೆಟ್ರೋಲ್ ಹಾಕಿದ್ರಾ?

ಭಾವ: ಸೀಮೆಎಣ್ಣೆ ಇಂಜಿನ್ನಿಗೆ ಪೆಟ್ರೋಲ್ ಎಂತಕ್ಕೆ?

ಮಂಜ: ತಣ್ಣಗಿದ್ದಾಗ ಪೆಟ್ರೋಲಲ್ಲೇ ಹಿಡಿಯೂದು. ಬಿಸಿ ಆದ ಮೇಲೆ ಸೀಮೆಎಣ್ಣೆ.

ಭಾವ: ರಿಯಾಯಿತಿ ಸೀಮೆಎಣ್ಣೆಗೆ ಕಾದೇ ಗಡ್ಡ ನೆರೆಯಿತು, ಈಗ ಪೆಟ್ರೋಲ್ ಬೇರೆ!

(ಪೆಟ್ರೋಲ್ ಬಂತು. ಇಂಜಿನ್ ಕದಲಲಿಲ್ಲ.)

ಮಂಜ: ಪ್ಲಗ್ ಒಣಗಿದೆ. ಎಣ್ಣೆ ಒಳಗೆ ಹೋಗ್ತಾ ಇಲ್ಲ.

(ಕಾರ್ಬ್ಯುರೇಟರ್ ಬಿಚ್ಚಿದರೆ ಜೆಟ್ಟಿನ ತುಂಬ ಗೋಂದಿನಂಥ ಜಿಡ್ಡು, ಹಿಂದಿನ ಮಾಲೀಕ ಉಚಿತವಾಗಿ ಕೊಟ್ಟದ್ದು ಅದೊಂದೇ. ತೊಳೆದು ಜೋಡಿಸಿದರು. ಇಂಜಿನ್ ಗರ್ಜಿಸಿತು.)

ಅಕ್ಕ (ಅಡುಗೆಮನೆಯಿಂದ): ಡ್ರಮ್ಮಿಗೆ ನೀರು ಹಾಕಿದ್ರಾ?

ಭಾವ: ಮೊದಲು ಶಬ್ದ ಕೇಳು!

ಮಂಜ: ಅಯ್ಯೋ, ಆಫ್ ಮಾಡಿ! ನೀರಿಲ್ಲದೆ ತಿರುಗಿದ್ರೆ ಪಂಪಿನ ರಬ್ಬರ್ ಇಂಪೆಲ್ಲರ್ ಸುಟ್ಟು ಹರೀತದೆ.

ಭಾವ: ಹರಿದರೆ?

ಮಂಜ: ಇಂಜಿನ್ ತಂಪು ಮಾಡುವ ನೀರು ಅದರ ತೂತಿಂದ ಚಿಮ್ಮೂದಿಲ್ಲ. ನಡುಸಮುದ್ರದಲ್ಲಿ ಕಾದು ಇಂಜಿನ್ ಜಾಮ್.

ಭಾವ: ಸೈಲೆನ್ಸರ್ ಸದ್ದು ಮಾತ್ರ ಫಸ್ಟ್‌ಕ್ಲಾಸ್, ಅಲ್ವಾ?

ಅಕ್ಕ: ಹೊಸ ಇಂಪೆಲ್ಲರ್ ಬರುವ ತನಕ ಹುಟ್ಟೇ ಗತಿ. ನಡೀರಿ.