ದ್ವಿಚಕ್ರ ಶ್ವಾನ ಮೀಮಾಂಸೆ: ಶಾಂತಿಗ್ರಾಮ ಹೋಬಳಿಗೆ ಅನ್ವಯಿಸಿ ಒಂದು ಅಧ್ಯಯನ

ಸೈಕಲ್ ತುಳಿಯುವ ಮನುಷ್ಯ ಮತ್ತು ಅವನ ಪಕ್ಕದಲ್ಲಿ ಓಡುವ ನಾಯಿ, ಈ ಇಬ್ಬರಲ್ಲಿ ವ್ಯಾಯಾಮ ಯಾರಿಗೆ ಎಂಬುದು ಪ್ರಸ್ತುತ ಪ್ರಬಂಧದ ಮೂಲಪ್ರಶ್ನೆ. ಶಾಸ್ತ್ರವೆಂದ ಮೇಲೆ ಶಾಸನದಿಂದ ಶುರು ಮಾಡಬೇಕು. ಇಲ್ಲದಿದ್ದರೆ ಪಂಡಿತರು ಪುಟ ತಿರುಗಿಸುವುದಿಲ್ಲ.

ಕನ್ನಡ ನಾಡಿನಲ್ಲಿ ಕಲ್ಲಿನ ದಾಖಲೆಯುಳ್ಳ ನಾಯಿ ಎಂದರೆ ಆತಕೂರಿನ ಕಾಳಿ. 949ರ ತಕ್ಕೋಲದ ಕಾಳಗದಲ್ಲಿ ಗಂಗ ಬೂತುಗನ ಬಂಟ ಮಣಲೇರ ಮೆರೆದ ಪರಾಕ್ರಮಕ್ಕೆ ರಾಷ್ಟ್ರಕೂಟರ ಮೂರನೆಯ ಕೃಷ್ಣ ಮೆಚ್ಚಿದ. ಬೇಕಾದ್ದು ಕೇಳು ಅಂದಾಗ ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿದ. ಮುಂದೆ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಸತ್ತವು. ಕಾಳಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಈ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿ ಮಾಡಿದ ಪಾಪ ತಟ್ಟುತ್ತದೆ ಎಂದು ಬರೆಸಿದರು. ನಾಯಿ ಏನು ಪಾಪ ಮಾಡಿತ್ತೆಂದು ಬರೆದಿಲ್ಲ. ಸೈಕಲ್ಲಿನ ಪ್ರಸ್ತಾಪವೂ ಇಲ್ಲ. ಆದರೂ ಹಂದಿ ಕಂಡ ನಾಯಿ ಒಡೆಯನ ಅಭಿಪ್ರಾಯಕ್ಕೆ ಕಾಯುವುದಿಲ್ಲ ಎಂಬ ತತ್ವ ಇಲ್ಲಿ ಸ್ಥಾಪಿತವಾಗಿದೆ. ಹ್ಯಾಂಡಲ್ಲಿಗೆ ನಾಯಿ ಕಟ್ಟುವವರಿಗೆ ಇಷ್ಟು ಇತಿಹಾಸ ಸಾಕು.

ಪುರಾಣಪ್ರಮಾಣವಾಗಿ ಮಹಾಪ್ರಸ್ಥಾನವನ್ನು ಹೇಳುವವರಿದ್ದಾರೆ. ಧರ್ಮರಾಯನ ಹಿಂದೆ ನಾಯಿ ಕೊನೆಯವರೆಗೂ ಹೋಯಿತು, ನಿಜ. ಆದರೆ ಅಲ್ಲಿ ಒಡೆಯನೂ ನಡೆದೇ ಹೋದವನು. ಇನ್ನು 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಮಾಡಿದ ಮರದ ಗಾಡಿಗೆ ಎರಡು ಚಕ್ರವಿದ್ದವು, ಪೆಡಲ್ ಇರಲಿಲ್ಲ. ನೆಲಕ್ಕೆ ಕಾಲು ಕೊಟ್ಟು ತಳ್ಳಬೇಕಿತ್ತು. ಅಂದರೆ ನಾಯಿಯೂ ಓಡಬೇಕು, ಯಜಮಾನನೂ ಓಡಬೇಕು. ಒಬ್ಬ ಕೂತು ಇನ್ನೊಬ್ಬನನ್ನು ಓಡಿಸುವ ನಾಗರಿಕತೆ ಬಂದಿದ್ದು ಪೆಡಲ್ ಬಂದ ಮೇಲೆ.

ಈಗ ಕ್ಷೇತ್ರಕ್ಕೆ ಬರೋಣ. ಶಾಂತಿಗ್ರಾಮ ಹಾಸನ ತಾಲ್ಲೂಕಿನ ಹೋಬಳಿ ಕೇಂದ್ರ. ಹೊಯ್ಸಳ ರಾಣಿ ಶಾಂತಲೆಯ ಹೆಸರಿನ ಊರೆಂದು ಪ್ರತೀತಿ, ನರಸಿಂಹನ ಗುಡಿ ಇದೆ. ಹಿಂದಿನವರು ಬಿ.ಎಂ. ರಸ್ತೆ ಅನ್ನುತ್ತಿದ್ದ, ಈಗ ರಾಷ್ಟ್ರೀಯ ಹೆದ್ದಾರಿ 75 ಆಗಿರುವ ರಸ್ತೆಯಲ್ಲಿ ಹಾಸನಕ್ಕೆ ಮೊದಲು ಟೋಲ್ ಸಿಗುತ್ತದೆ. ಎರಡು ಚಕ್ರಕ್ಕೆ ಸುಂಕವಿಲ್ಲ. ಎರಡು ಚಕ್ರದ ಜೊತೆ ನಾಲ್ಕು ಕಾಲು ಸೇರಿದರೆ ಯಾವ ದರ್ಜೆ ಎಂದು ಫಲಕದಲ್ಲಿ ಹಾಕಿಲ್ಲ.

ಪೂರ್ವಪಕ್ಷ ಬೆಂಗಳೂರಿನಿಂದ ಕಾರಿನಲ್ಲಿ ಬರುತ್ತದೆ. ಹಬ್ಬಕ್ಕೆ ಊರಿಗೆ ಬಂದ ಮಗ, ಹಿಂದಿನ ಸೀಟಿನಲ್ಲಿ ಲ್ಯಾಬ್ರಡಾರ್. ಮೂರನೇ ಮಹಡಿಯಲ್ಲಿ ಬೆಳೆದ ನಾಯಿ, ಸೋಫಾದ ಒಂದು ಮೂಲೆಯನ್ನು ತಿಂದು ಮುಗಿಸಿದೆ. ಎನರ್ಜಿ ಜಾಸ್ತಿ, ಓಡಿಸಬೇಕು ಎಂದು ಡಾಕ್ಟರು ಹೇಳಿದ್ದಾರೆ. ಅಟ್ಟದ ಪಕ್ಕ ಒರಗಿಸಿಟ್ಟ ಅಪ್ಪನ ಸೈಕಲ್ಲಿಗೆ ಗಾಳಿ ಹೊಡೆಸಿ, ಹ್ಯಾಂಡಲ್ಲಿಗೆ ಹಗ್ಗ ಬಿಗಿದು, ಬೆಳಿಗ್ಗೆ ಹೊರಡುತ್ತಾನೆ.

ಈ ಪಕ್ಷದವರಿಗೆ ಗಣಿತ ಗೊತ್ತಿರುತ್ತದೆ, ಅದನ್ನು ಅಲ್ಲಗಳೆಯಬಾರದು. ನಾಯಿಯ ಸಹಜ ಕುಕ್ಕುಲೋಟ ಗಂಟೆಗೆ ಸುಮಾರು 10ರಿಂದ 15 ಕಿಲೋಮೀಟರು, ಸೈಕಲ್ಲಿನ ನಿಧಾನದ ವೇಗಕ್ಕೆ ಸರಿಹೊಂದುತ್ತದೆ. ನಾಯಿಗೆ ಬೆವರುವ ಗ್ರಂಥಿ ಮುಖ್ಯವಾಗಿ ಅಂಗಾಲಿನಲ್ಲಿ, ಮೈ ತಣಿಯುವುದು ನಾಲಿಗೆ ಚಾಚಿ ಏದುಸಿರು ಬಿಡುವುದರಿಂದ. ಹಾಗಾಗಿ ಹೊತ್ತೇರಿದ ಮೇಲೆ ಟಾರು ರಸ್ತೆಯಲ್ಲಿ ಓಡಿಸುವುದು ಶಾಸ್ತ್ರವಿರುದ್ಧ. ಒಂದು ವರ್ಷ, ದೊಡ್ಡ ತಳಿಯಾದರೆ ಒಂದೂವರೆ ವರ್ಷ ತುಂಬದ ನಾಯಿಯ ಮೂಳೆ ಇನ್ನೂ ಬಲಿತಿರುವುದಿಲ್ಲ, ಅದೂ ನಿಷಿದ್ಧ. ಹೊಟ್ಟೆ ತುಂಬ ತಿಂದ ಕೂಡಲೇ ಓಡಿಸಿದರೆ ಎದೆಗೂಡು ಆಳವಾದ ನಾಯಿಗಳಿಗೆ ಜಠರ ತಿರುಚಿಕೊಳ್ಳುವ ಅಪಾಯವುಂಟು. ಮುದ್ದೆ ಉಂಡ ಸವಾರನಿಗೂ ಈ ಕೊನೆಯ ನಿಯಮವನ್ನು ವಿಸ್ತರಿಸಬೇಕೆಂದು ಪ್ರಸ್ತುತ ಲೇಖಕರ ಅಭಿಮತ.

ಇಷ್ಟೆಲ್ಲ ಬಲ್ಲವರು ಹಗ್ಗವನ್ನು ಮಾತ್ರ ಹ್ಯಾಂಡಲ್ಲಿಗೇ ಕಟ್ಟುತ್ತಾರೆ. ಹೊರದೇಶದಲ್ಲಿ ಸೀಟಿನ ಕೆಳಗೆ ಸ್ಪ್ರಿಂಗಿನ ಸರಳು ಕೂರಿಸಿ ಅದಕ್ಕೆ ನಾಯಿಯನ್ನು ತಗುಲಿಸುತ್ತಾರೆ. ಎಳೆತ ತಗ್ಗಿನಲ್ಲಿದ್ದರೆ ಸೈಕಲ್ ವಾಲುವುದು ಕಡಿಮೆ. ಮೇಲೆ ಕಟ್ಟಿದರೆ, ಬೇಲಿಯಾಚೆ ಕೋಳಿಯೊಂದು ರೆಕ್ಕೆ ಬಡಿದ ಗಳಿಗೆಯಲ್ಲೇ ಮುಂದಿನ ಚಕ್ರ ಕೋಳಿಯ ದಿಕ್ಕಿಗೆ ತಿರುಗುತ್ತದೆ, ಸವಾರ ಹಳೆಯ ದಿಕ್ಕಿನಲ್ಲೇ ಮುಂದುವರಿಯುತ್ತಾನೆ. ಎದುರಿಗೆ ರಸ್ತೆಯ ಮೇಲೆ ಒಕ್ಕಣೆಗೆಂದು ಹುರುಳಿ ಹರಡಿದ್ದರೆ ಅದು ಅವನ ಪುಣ್ಯ.

ಕಾನೂನಿನ ತೊಡಕನ್ನೂ ನೋಡಬೇಕಲ್ಲ. ಜರ್ಮನಿಯ ಸಂಚಾರ ನಿಯಮಾವಳಿಯ 28ನೇ ಕಲಮಿನಂತೆ ಮೋಟಾರು ವಾಹನದಲ್ಲಿ ಕೂತು ಯಾವ ಪ್ರಾಣಿಯನ್ನೂ ನಡೆಸಿಕೊಂಡು ಹೋಗಬಾರದು, ಸೈಕಲ್ಲಿನಿಂದ ನಾಯಿಯನ್ನು ಮಾತ್ರ ಕರೆದೊಯ್ಯಬಹುದು. ಈ ಕಲಮು ಬರೆದವರನ್ನು ಒಂದು ಸಂಜೆ ಶಾಂತಿಗ್ರಾಮದ ಕಡೆ ಕರೆದುಕೊಂಡು ಬರಬೇಕು. ಟಿವಿಎಸ್ ಎಕ್ಸೆಲ್ ಮೇಲೆ ಕೂತವನ ಎಡಗೈಯಲ್ಲಿ ಸೀಮೆಹಸುವಿನ ಹಗ್ಗ, ಹಿಂದೆ ಕೂತವನ ತೊಡೆಯ ಮೇಲೆ ಅದರ ಕರು, ಕ್ಯಾರಿಯರಿನಲ್ಲಿ ಹುಲ್ಲಿನ ಹೊರೆ, ಇವೆಲ್ಲಕ್ಕಿಂತ ಮುಂದೆ ಯಾರೂ ಕಟ್ಟದ, ಯಾರೂ ಕರೆಯದ ನಾಯಿ.

ಸಿದ್ಧಾಂತ ಇರುವುದು ಈ ಕೊನೆಯ ನಾಯಿಯಲ್ಲಿ. ಲ್ಯಾಬ್ರಡಾರಿನ ಜೊತೆ ಬಿದ್ದೆದ್ದವನನ್ನು ಜಗಲಿಯ ಮೇಲಿನ ದೊಡ್ಡಪ್ಪ ಕೇಳಿದ್ದು ಎರಡೇ ಮಾತು: "ಯಾಕ್ಲಾ ಮಗ ಅದ್ನ ಓಡುಸ್ತೀಯಾ? ಅದುಕ್ಕೇನು ಬದುಕಿಲ್ವಾ?" ಇದರ ಮೇಲೆ ಭಾಷ್ಯ ಬರೆದರೆ ಒಂದು ಸಂಪುಟವಾದೀತು. ಸಂಗ್ರಹವಾಗಿ ಹೇಳುವುದಾದರೆ, ವ್ಯಾಯಾಮವೆಂಬುದು ಬದುಕಿಲ್ಲದ ನಾಯಿಯ ಕಾಯಿಲೆ. ಊರಿನ ಕರಿಯನ ದಿನಚರಿ ನೋಡಿ. ಬೆಳಗಿನ ಜಾವ ಹಾಲಿನ ಕ್ಯಾನು ನೇತುಹಾಕಿದ ಸೈಕಲ್ ಡೈರಿಗೆ ಹೊರಟರೆ ಕರಿಯ ಜೊತೆಗೆ. ಲೀಟರಿಗೆ ಎಷ್ಟು ಫ್ಯಾಟು ಬಂತೆಂದು ಸರದಿಯಲ್ಲಿ ವಾದ ನಡೆಯುವಾಗ ಸೈಕಲ್ಲಿನ ಸ್ಟ್ಯಾಂಡಿನ ಪಕ್ಕ ಕಾವಲು. ವಾಪಸು ಬರುವಾಗ ಖಾಲಿ ಕ್ಯಾನಿನ ಸದ್ದಿಗೆ ಸರಿಯಾಗಿ ಓಟ. ಆಮೇಲೆ ಆಲೂಗಡ್ಡೆ ಹೊಲಕ್ಕೆ ಒಂದು ಸುತ್ತು. ರಾತ್ರಿ ಕಣದಲ್ಲಿ ರಾಗಿ ಮೆದೆ ಕಾಯುವುದು. ಇದಕ್ಕೆ ಸೋಫಾ ಕೊಟ್ಟರೂ ತಿನ್ನಲು ಪುರುಸೊತ್ತಿಲ್ಲ. ಹಗ್ಗ ಹಾಕಿದರಂತೂ, ನಾನೇನು ತಪ್ಪು ಮಾಡಿದೆ ಎಂಬಂತೆ ರಸ್ತೆ ನಡುವೆ ಕೂತುಬಿಡುತ್ತದೆ.

ಉಳಿದಿದ್ದು ಒಡೆಯನೇ ಇಲ್ಲದ ನಾಯಿಗಳ ಅಧ್ಯಾಯ. ಶಾಸ್ತ್ರ ಅತ್ಯಂತ ಶುದ್ಧವಾಗಿ ಆಚರಣೆಯಾಗುವುದು ಇಲ್ಲೇ. ಇವು ಯಾವ ಸೈಕಲ್ಲಿಗೂ ಭೇದವೆಣಿಸದೆ ಪಕ್ಕದಲ್ಲಿ ಓಡುತ್ತವೆ, ಹಗ್ಗ ಬೇಡ, ಡಾಕ್ಟರ ಚೀಟಿ ಬೇಡ. ಪ್ರತಿ ತಂಡಕ್ಕೂ ಸರಹದ್ದು ಇದೆ, ಸರ್ವೆ ಇಲಾಖೆಯ ಕಲ್ಲಿಗಿಂತ ಖಚಿತವಾದದ್ದು. ಸ್ಕೂಲಿನ ತಿರುವಿನವರೆಗೆ ಒಂದು ತಂಡ ಅಟ್ಟಿಸಿಕೊಂಡು ಬಂದು ಥಟ್ಟನೆ ನಿಲ್ಲುತ್ತದೆ. ಅಲ್ಲಿಂದಾಚೆ ಸವಾರನನ್ನು ಮುಂದಿನ ತಂಡ ವಹಿಸಿಕೊಳ್ಳುತ್ತದೆ. ಪೆಡಲಿನಿಂದ ಎರಡೂ ಕಾಲೆತ್ತಿ ಹ್ಯಾಂಡಲಿನ ಮೇಲಿಡುವುದು ನಮ್ಮ ಕಡೆಯ ಪುರಾತನ ಪರಿಹಾರ, ಇಳಿಜಾರಿದ್ದರೆ ಫಲಿಸುತ್ತದೆ. ನಿಂತು ಸೈಕಲ್ಲನ್ನು ಅಡ್ಡ ಹಿಡಿದರೆ ಬಹುಪಾಲು ನಾಯಿಗಳಿಗೆ ಆಸಕ್ತಿ ಹೋಗುತ್ತದೆ, ಆದರೆ ನಿಲ್ಲಲು ಬೇಕಾದ ಧೈರ್ಯವನ್ನು ಯಾವ ಶಾಸ್ತ್ರವೂ ಕೊಡಲಾರದು.

ಈ ಅಧ್ಯಾಯದಲ್ಲಿ ಉತ್ತೀರ್ಣರಾದವರಿಗೆ ಕಾಲಗಣನೆಯೇ ಬೇರೆ. ಗಾಯವನ್ನು ಹರಿವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋದರೆ ದಿನ ಎಣಿಸುವುದು ಸೊನ್ನೆಯಿಂದ. ಚರ್ಮದೊಳಗೆ ಕೊಡುವ ಲಸಿಕೆಗೆ 0, 3, 7, 28, ಒಟ್ಟು ನಾಲ್ಕು ಸಲ. ಹಿಂದಿನ ತಲೆಮಾರಿನವರಿಗೆ ಹೊಕ್ಕಳ ಸುತ್ತ ಹದಿನಾಲ್ಕು ಚುಚ್ಚುತ್ತಿದ್ದರು. ಹೋಬಳಿಯಲ್ಲಿ ಈಗಲೂ ಹದಿನಾಲ್ಕರ ಪರಂಪರೆಯ ಹಿರಿಯರು ಉಳಿದಿದ್ದಾರೆ. ನಾಲ್ಕಕ್ಕೇ ಮುಗಿಸಿ ಬಂದವರು ನಾಯಿಯ ವಿಷಯ ಎತ್ತಿದರೆ ಅವರು ಎಲೆಅಡಿಕೆ ಉಗಿದು, ನೀನಿನ್ನೂ ಹುಡುಗ ಸುಮ್ನಿರು ಅನ್ನುತ್ತಾರೆ.