ರೋಮನ್ ಯಜಮಾನ

ನಿವೃತ್ತಿಯಾದ ಗಂಡಸಿಗೆ ಏನಾದರೂ ಒಂದು ಹತ್ತಿಕೊಳ್ಳಲೇಬೇಕು. ನಿಮಗೆ ಹೇಳಬೇಕಾಗಿಲ್ಲ, ನಿಮ್ಮ ಮನೆಯಲ್ಲೂ ಒಬ್ಬರಿರುತ್ತಾರೆ. ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ಸೈಟು ವ್ಯವಹಾರ, ಇನ್ನು ಕೆಲವರಿಗೆ ಬೆಳಗಿನ ಜಾವ ಎದ್ದು ಊರಿಗೆಲ್ಲ ಗುಲಾಬಿ ಹೂವಿನ ಚಿತ್ರ ಕಳಿಸುವ ಚಟ. ನನಗೆ ಹತ್ತಿಕೊಂಡದ್ದು ರೋಮ್.

ಈ ರೋಗ ಅಂಟಿಸಿದವರು ವಾಕಿಂಗ್ ಗೆಳೆಯರಾದ ಇತಿಹಾಸದ ಮೇಷ್ಟ್ರು. ಸಿದ್ಧಗಂಗೆಯ ರಸ್ತೆಯಲ್ಲಿ ಒಂದು ಸುತ್ತು ನಡೆದು, ಕರಗಿಸಿದ ಕೊಬ್ಬನ್ನು ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಮುಂದೆ ಕೂತು ಮರಳಿ ಸಂಪಾದಿಸುವುದು ನಮ್ಮ ದಿನಚರಿ. ಮೇಷ್ಟ್ರು ಗ್ರೀಕ್ ಪಕ್ಷ. ಅವರಿಗೆ ಎದುರು ನಿಲ್ಲಲಿಕ್ಕೆ ಯಾರಾದರೂ ಬೇಕಲ್ಲ ಎಂದು ನಾನು ರೋಮ್ ಪಕ್ಷ ಸೇರಿದೆ. ಮೂರನೆಯವರು ಬ್ಯಾಂಕಿನಿಂದ ನಿವೃತ್ತರು. ಅವರದು ಯಾವ ಪಕ್ಷವೂ ಇಲ್ಲ, ಬಿಲ್ಲು ಯಾರು ಕೊಡುತ್ತಾರೆ ಎಂಬುದಷ್ಟೇ ಅವರ ಚಿಂತೆ.

"ನಿಮ್ಮ ರೋಮಿನವರದ್ದು ಸ್ವಂತದ್ದು ಏನಿದೆ ಸ್ವಾಮಿ? ನಮ್ಮ ದೇವರುಗಳಿಗೇ ಬೋರ್ಡು ಬದಲಾಯಿಸಿದರು. ಹೇರಾ ಹೋಗಿ ಜೂನೋ ಆದಳು, ಪೊಸೈಡನ್ ನೆಪ್ಟ್ಯೂನ್ ಆದ. ಏನೇ ಹೇಳಿ, ಜ್ಯೂಸ್ ಮುಂದೆ ನಿಮ್ಮ ಜ್ಯೂಪಿಟರ್ ಎಷ್ಟರವನು?" ಎಂದು ಮೇಷ್ಟ್ರು ಮೇಜು ಗುದ್ದಿದರು.

ಹುಡುಗ ಓಡಿ ಬಂದ. "ಜ್ಯೂಸ್ ಇಲ್ಲ ಸಾರ್, ಕಾಫಿ ಟೀ ಅಷ್ಟೇ. ತಿಂದಾಗಿದ್ರೆ ಸ್ವಲ್ಪ ಜಾಗ ಬಿಡಿ, ಜನ ನಿಂತವ್ರೆ."

ಎರಡು ಮಹಾ ನಾಗರಿಕತೆಗಳು ಎದ್ದು ಕೈ ತೊಳೆದವು.

ನಮಗೆ ಈ ವಿಷಯದಲ್ಲಿ ಮಾತಾಡಲು ಏನು ಹಕ್ಕು ಎಂದು ನೀವು ಕೇಳಬಹುದು. ನಮ್ಮ ಮನೆಯವಳೂ ಕೇಳಿದಳು. ಗ್ರೀಕರ ರುದ್ರನಾಟಕವನ್ನು ಕನ್ನಡಕ್ಕೆ ತಂದ ಬಿ.ಎಂ.ಶ್ರೀ 1884ರಲ್ಲಿ ಹುಟ್ಟಿದ್ದು ನಮ್ಮದೇ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಈಸ್ಕಿಲಸ್ ಅವರ ಕೈಯಲ್ಲಿ 'ಪಾರಸಿಕರು' ಆದ, ಸೊಫೊಕ್ಲಿಸನ ಏಜಾಕ್ಸ್ 'ಅಶ್ವತ್ಥಾಮನ್' ಆದ. ಇದನ್ನೆಲ್ಲ ಎದೆ ಉಬ್ಬಿಸಿ ಹೇಳಿದೆ.

"ಅವರು ಓದಿ ನಾಟಕ ಬರೆದ್ರು. ನೀವು ಓದಿ ಇಡ್ಲಿ ತಿಂತೀರಿ," ಎಂದು ಅವಳು ಒಳಗೆ ಹೋದಳು.

ಹೆಂಡತಿ ನಂಬದಿದ್ದರೆ ಸಾಕ್ಷಿ ತೋರಿಸಬೇಕು. 1891ರಲ್ಲಿ ಯಶವಂತಪುರದಲ್ಲಿ ರೈಲ್ವೆಯವರು ನೆಲ ಅಗೆದಾಗ ರೋಮಿನ ಬೆಳ್ಳಿ ನಾಣ್ಯಗಳು ಸಿಕ್ಕವು, ಒಟ್ಟು 163. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಕಾಲದವು. ಅತ್ತ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯ ಸಿಕ್ಕಿವೆ. ಇತ್ತ ಯಶವಂತಪುರ, ಅತ್ತ ಚಂದ್ರವಳ್ಳಿ, ನಡುವೆ ನಮ್ಮ ಹಿತ್ತಲು. ಇಲ್ಲಿ ಸಿಗದೆ ಇನ್ನೆಲ್ಲಿ ಸಿಗಬೇಕು? ಕರಿಬೇವಿನ ಸಸಿಗೆ ಗುಂಡಿ ತೋಡುವ ನೆಪದಲ್ಲಿ ಗುದ್ದಲಿ ಹಿಡಿದೆ.

ಸಿಕ್ಕಿತು! ದುಂಡಗೆ, ಮಣ್ಣು ಮೆತ್ತಿಕೊಂಡು, ಅಂಗೈಯಗಲ. ಹುಣಸೆಹಣ್ಣಿನಲ್ಲಿ ಉಜ್ಜಿದೆ. ಮುಖ ಮೂಡಿತು. ಅದೇ ಗಂಭೀರ ಮೂಗು, ಅದೇ ರಾಜಕಳೆ. ಅಗಸ್ಟಸ್ಸೇ ಎಂದು ಮೇಷ್ಟ್ರಿಗೆ ಫೋಟೊ ಕಳಿಸಿದೆ. ಟೈಬೀರಿಯಸ್ ಇರಬಹುದು ಎಂದು ಅವರು ಹೊಟ್ಟೆಕಿಚ್ಚಿನಿಂದ ಉತ್ತರಿಸಿದರು. ಅಷ್ಟರಲ್ಲಿ ಇವಳು ಬಂದು ನೋಡಿದಳು.

"ಅಯ್ಯೋ, ಇದು ನಮ್ಮಮ್ಮ ಕೊಟ್ಟ ಕುಂಕುಮದ ಭರಣಿ ಮುಚ್ಚಳ ಅಲ್ವೇನ್ರೀ! ಲಕ್ಷ್ಮಿ ಇದ್ಲು ಇದ್ರ ಮೇಲೆ. ಭರಣಿ ಎಲ್ಲಿ?"

ಭರಣಿ ಎಲ್ಲಿ ಎಂಬ ಉತ್ಖನನ ಇವತ್ತಿಗೂ ನಡೆದಿದೆ. ಪ್ರಮುಖ ಆರೋಪಿ ನಾನೇ.

ಮಾನ ಉಳಿಸಿಕೊಳ್ಳಲು ಆಕ್ಸಿರಿಂಕಸ್ ಕಥೆ ತೆಗೆದೆ. ಈಜಿಪ್ಟಿನ ಆ ಊರಿನ ಹಳೆಯ ತಿಪ್ಪೆಗುಂಡಿಗಳಲ್ಲಿ ರಾಶಿ ರಾಶಿ ಪಪೈರಸ್ ಹಾಳೆಗಳು ಸಿಕ್ಕಿದ್ದವು. 413ನೆಯ ನಂಬರಿನದು ಒಂದು ಗ್ರೀಕ್ ಪ್ರಹಸನ. ಕ್ಯಾರಿಟಿಯನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯ ರಾಜನ ಸೆರೆಯಲ್ಲಿರುತ್ತಾಳೆ. ಅವಳ ಅಣ್ಣ ಬಂದು, ರಾಜನಿಗೆ ಚೆನ್ನಾಗಿ ಕುಡಿಸಿ ತಂಗಿಯನ್ನು ಬಿಡಿಸಿಕೊಂಡು ಹೋಗುತ್ತಾನೆ. ಆ ರಾಜನ ಕಡೆಯವರು ಆಡುವ ಅರ್ಥವಾಗದ ಮಾತು ಕನ್ನಡ ಎಂದು 1904ರಲ್ಲಿ ಹುಲ್ಟ್ಶ್ ಎಂಬ ಜರ್ಮನ್ ವಿದ್ವಾಂಸರು ಹೇಳಿದರು. ನಮ್ಮ ಶಾಮಾಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಅದರ ಬೆನ್ನು ಹತ್ತಿದರು. ಅಲ್ಲವೇ ಅಲ್ಲ ಎನ್ನುವವರೂ ಇದ್ದಾರೆ. ನಾನು ಹೌದು ಪಕ್ಷ.

"ಅದರಲ್ಲಿ ಒಬ್ಬ ವಿದೂಷಕ ಬರ್ತಾನೆ. ಶತ್ರುಗಳು ಹತ್ತಿರ ಬಂದ್ರೆ ಹೂಸು ಬಿಟ್ಟೇ ಓಡಿಸ್ತಾನೆ," ಎಂದೆ, ಕಥೆಗೆ ಕಳೆ ಕಟ್ಟಲಿ ಎಂದು.

ಇವಳು ಹುಳಿಗೆ ಒಗ್ಗರಣೆ ಹಾಕುತ್ತಿದ್ದವಳು ತಿರುಗಿ ನೋಡಿದಳು. "ಅವರೆಕಾಳಿನ ಸೀಸನ್ನಲ್ಲಿ ಅದನ್ನ ನೋಡೋಕೆ ಈಜಿಪ್ಟಿಗೆ ಹೋಗ್ಬೇಕಾ?"

ಸಾಹಿತ್ಯದಿಂದ ಗೌರವ ಬರುವುದಿಲ್ಲ ಎಂದು ಖಾತ್ರಿಯಾಗಿ ಕಾನೂನಿನ ಕಡೆ ಹೊರಳಿದೆ. ರೋಮಿನಲ್ಲಿ ಮನೆಯ ಯಜಮಾನ ಎಂದರೆ ಸಾಮಾನ್ಯನಲ್ಲ. ಮಕ್ಕಳ ಜೀವ ಉಳಿಸುವ, ತೆಗೆಯುವ ಅಧಿಕಾರ ಅವನದು. ಅಪ್ಪ ಬದುಕಿರುವವರೆಗೆ ಮೀಸೆ ನರೆತ ಮಗನಿಗೂ ಸ್ವಂತ ಆಸ್ತಿ ಇಲ್ಲ. ಮನೆದೇವರ ಪೂಜೆಗೂ ಅವನೇ ಮುಂದಾಳು. ಭಾನುವಾರ ಎಲ್ಲರೂ ಇದ್ದಾಗ ಇದನ್ನು ಘೋಷಿಸಿದೆ.

"ಅಪ್ಪಾ, ವೈಫೈ ಬಿಲ್ ಕಟ್ತಿರೋದು ನಾನು," ಎಂದ ಮಗ, ಮೊಬೈಲಿನಿಂದ ತಲೆ ಎತ್ತದೆ.

"ಜೀವ ತೆಗೆಯೋದು ಆಮೇಲಿರಲಿ, ಮೊದಲು ಈ ತೆಂಗಿನಕಾಯಿ ಸುಲೀರಿ," ಎಂದಳು ಇವಳು.

ಸುಲಿಯುತ್ತಲೇ ಬಾಗಿಲ ದೇವರುಗಳ ವಿಷಯ ತೆಗೆದೆ. ರೋಮಿನವರಿಗೆ ಒಂದು ಬಾಗಿಲಿಗೆ ಮೂವರು. ಕದಕ್ಕೆ ಫೋರ್ಕ್ಯುಲಸ್, ಕೀಲಿಗೆ ಕಾರ್ಡಿಯಾ, ಹೊಸಿಲಿಗೆ ಲಿಮೆಂಟೈನಸ್. ಒಬ್ಬ ಮನುಷ್ಯ ಕಾಯುವ ಬಾಗಿಲಿಗೆ ಮೂವರು ದೇವರೇ ಎಂದು ಸಂತ ಅಗಸ್ಟೀನ್ ಗೇಲಿ ಮಾಡಿದ್ದ. ಆ ಒಬ್ಬ ಮನುಷ್ಯ ನಮ್ಮ ಮನೆಯಲ್ಲಿ ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. ಕೊರಿಯರಿನವನು, ಪೇಪರಿನವನು, ಸೊಪ್ಪಿನವಳು, ಎಲ್ಲರಿಗೂ ಏಳುವವನು ನಾನೇ.

"ಆ ಕೀಲಿನ ದೇವಿಗೆ ಒಂದಿಷ್ಟು ಎಣ್ಣೆ ಬಿಡ್ರೀ. ದೀಪಾವಳಿಯಿಂದ ಕಿರುಗುಡ್ತಾ ಇದೆ."

ಎಣ್ಣೆ ಬಿಟ್ಟೆ. ಲಿಮೆಂಟೈನಸ್ ಯಾಕೆ ಬೇಸರ ಮಾಡಿಕೊಳ್ಳಬೇಕು ಎಂದು ಮರುದಿನ ಬೆಳಿಗ್ಗೆ ಹೊಸಿಲಿಗೆ ಒಂದು ಲೋಟ ಹಾಲೂ ಎರೆದೆ. ಹೊಸಿಲು ಅದಾಗಲೇ ತೊಳೆದು, ಅರಿಶಿನ ಕುಂಕುಮ ಹಚ್ಚಿ, ರಂಗೋಲಿ ಎಳೆ ಎಳೆದು, ಹೂವು ಇಟ್ಟಾಗಿತ್ತು. ಮದುವೆಯಾದ ದಿನದಿಂದ ಇವಳು ಮಾಡುತ್ತಿರುವ ಪೂಜೆ ಅದು. ನಾನು ಈ ಮನೆಯಿಂದ ದಿನವೂ ಅದನ್ನು ದಾಟಿಕೊಂಡೇ ಆಫೀಸಿಗೆ ಹೋಗಿದ್ದೆ. ಹಾಲು ರಂಗೋಲಿಯನ್ನು ಕಲಸಿತು, ಎಣ್ಣೆ ತೊಟ್ಟಿಕ್ಕಿ ಹಾಲಿಗೆ ಸೇರಿತು, ಇರುವೆಗಳು ರಾಜಮೆರವಣಿಗೆ ಹೊರಟವು. ಅವತ್ತು ನನಗೆ ಸಿಕ್ಕಿದ್ದು ಕರೀ ಕಾಫಿ.

ಇಷ್ಟಾದರೂ ಬುದ್ಧಿ ಬರಲಿಲ್ಲ, ಮೇ ತಿಂಗಳು ಬಂತು. ಮೇ 9, 11, 13 ರೋಮಿನಲ್ಲಿ ಲೆಮೂರಿಯಾ. ಮನೆಯೊಳಗೆ ಸುಳಿದಾಡುವ ಪಿತೃಗಳ ಪ್ರೇತಗಳನ್ನು ಸಾಗಹಾಕುವ ರಾತ್ರಿಗಳು. ಓವಿಡ್ ಕವಿ ವಿಧಾನ ಬರೆದಿಟ್ಟಿದ್ದಾನೆ: ಯಜಮಾನ ನಡುರಾತ್ರಿ ಬರಿಗಾಲಲ್ಲಿ ಎದ್ದು, ಕೈ ತೊಳೆದು, ಹಿಂದೆ ತಿರುಗಿ ನೋಡದೆ ಕಪ್ಪು ಕಾಳು ಎಸೆಯಬೇಕು. ಆಮೇಲೆ ಕಂಚು ಬಡಿದು, ಹಿರಿಯರೇ ಹೊರಡಿ ಎಂದು ಒಂಬತ್ತು ಸಲ ಹೇಳಬೇಕು. ಯಜಮಾನನೊಬ್ಬನೇ ಮಾಡಬಹುದಾದ ಪೂಜೆ! ಬಿಡಲಾದೀತೆ?

ಕಪ್ಪು ಕಾಳು ಸಿಗಲಿಲ್ಲ, ಕತ್ತಲಲ್ಲಿ ಎಲ್ಲ ಕಾಳೂ ಕಪ್ಪೇ ಎಂದು ಹುರುಳಿ ಹಿಡಿದೆ. ದೇವರ ಮನೆಯ ಜಾಗಟೆ ತಂದೆ. ಕರೆಂಟು ಹೋಗಿದ್ದದ್ದು ಇನ್ನೂ ಅನುಕೂಲವಾಯಿತು. ಹಾಲಿನಲ್ಲಿ ನಿಂತು, ಹಿಂದೆ ನೋಡದೆ ಎಸೆದೆ. ಎಸೆದ ಕಾಳು ನೆಲಕ್ಕೆ ಬಿದ್ದ ಸದ್ದು ಸರಿಯಾಗಿ ಬರಲಿಲ್ಲ, ಆದರೂ ಹಿಂತಿರುಗುವಂತಿಲ್ಲವಲ್ಲ. ಜಾಗಟೆ ಬಾರಿಸಿದೆ. "ಹಿರಿಯರೇ, ಈ ಮನೆ ಬಿಟ್ಟು ಹೊರಡಿ!" ಬೀದಿನಾಯಿಗಳು ದನಿಗೂಡಿಸಿದವು. "ಹಿರಿಯರೇ, ಈ ಮನೆ ಬಿಟ್ಟು ಹೊರಡಿ!" ಪಕ್ಕದ ಮನೆಯವರು ಕಳ್ಳ ಕಳ್ಳ ಎಂದು ಕೂಗಿದರು. ನಿಯಮದ ಪ್ರಕಾರ ಒಂಬತ್ತೂ ಮುಗಿಸಿಯೇ ತಿರುಗಿದೆ.

ಹಿಂದಿನ ದೀವಾನದ ಮೇಲೆ, ಸಂಜೆಯಷ್ಟೇ ಗುಬ್ಬಿಯಿಂದ ಬಂದಿಳಿದಿದ್ದ ನಮ್ಮತ್ತೆ ಎದ್ದು ಕೂತಿದ್ದರು. ಮಡಿಲ ತುಂಬ ಹುರುಳಿ.

"ಬೆಳಗಾಗಲಿ ಅಳಿಯಂದ್ರೇ, ಹೊರಡ್ತೀನಿ. ಇಷ್ಟಕ್ಕೆ ಜಾಗಟೆ ಯಾಕೆ, ಬಾಯಲ್ಲಿ ಹೇಳಿದ್ರೆ ಆಗ್ತಿತ್ತು."

ಓವಿಡ್ ಯಾರು ಎಂದು ಅಂಥ ಹೊತ್ತಿನಲ್ಲಿ ಅತ್ತೆಗೆ ವಿವರಿಸಲು ನೀವೂ ಒಮ್ಮೆ ಪ್ರಯತ್ನಿಸಿ ನೋಡಿ. ಅವರನ್ನು ಸಮಾಧಾನ ಮಾಡಲು ದೇವರಾಯನದುರ್ಗಕ್ಕೆ ಕಾರು, ಒಂದು ರೇಷ್ಮೆ ಸೀರೆ ಮತ್ತು ಇನ್ನೂ ಒಂದು ತಿಂಗಳು ಇಲ್ಲೇ ಇರಬೇಕೆಂಬ ನನ್ನ ಬಾಯಿಂದಲೇ ಹೊರಟ ಪ್ರಾರ್ಥನೆ ಬೇಕಾಯಿತು. ಹಿರಿಯರನ್ನು ಕಳಿಸುವ ಪೂಜೆಯಿಂದ ಹಿರಿಯರು ಉಳಿದುಕೊಂಡದ್ದು ರೋಮಿನ ಇತಿಹಾಸದಲ್ಲಿ ನನ್ನ ಕಾಣಿಕೆ. ದೀವಾನದ ಹಿಂದೆ ಹುರುಳಿ ಮೊಳಕೆ ಬಂದಾಗ ಆ ಕಥೆ ಮತ್ತೊಮ್ಮೆ ಎಲ್ಲರ ಮುಂದೆ ಆಯಿತು.

ಅತ್ತೆಗೆ ನಿತ್ಯ ಒಬ್ಬಟ್ಟು, ಕಜ್ಜಾಯ ಆಗಿ ಸಿಲಿಂಡರ್ ಬೇಗ ಮುಗಿಯಿತು. ರೋಮಿನಲ್ಲಿ ವೆಸ್ಟಾ ದೇವಿಯ ಬೆಂಕಿ ಆರಿದರೆ ಕಾಯುತ್ತಿದ್ದ ಕನ್ಯೆಗೆ ಮುಖ್ಯ ಪುರೋಹಿತ ಚಾಟಿಯಲ್ಲಿ ಹೊಡೆಯುತ್ತಿದ್ದ. ನಮ್ಮಲ್ಲಿ ಬೆಂಕಿ ಆರಿದರೆ ಪೆಟ್ಟು ತಿನ್ನುವುದು ಮುಖ್ಯ ಪುರೋಹಿತನೇ. ಬುಕ್ ಮಾಡಲು ಮರೆತವರು ಯಾರು, ಹಾಲು ಕಾಯಿಸುವುದು ಹೇಗೆ ಎಂಬ ವಿಚಾರಣೆ ತಾಯಿ ಮಗಳ ಜೋಡಿ ಪೀಠದ ಮುಂದೆ ನಡೆಯುತ್ತಿರುವಾಗ ಗೇಟಿನ ಸದ್ದಾಯಿತು. ಬದುಕಿದೆ ಎಂದು ಓಡಿದೆ.

"ಯಜಮಾನ್ರು ಇದ್ದಾರಾ?" ಎಂದ, ಹೆಗಲ ಮೇಲೆ ಸಿಲಿಂಡರ್ ಹೊತ್ತ ಹುಡುಗ.

ಎಷ್ಟು ಕಾಲವಾಗಿತ್ತು ಈ ಮಾತು ಕಿವಿಗೆ ಬಿದ್ದು! ಪಂಚೆ ಸರಿಮಾಡಿಕೊಂಡು, ಎದೆ ಮುಂದೆ ಮಾಡಿ, "ನಾನೇ," ಎಂದೆ.

"ಹಂಗಾದ್ರೆ ಅಮ್ಮಾವ್ರನ್ನ ಕರೀರಿ ಸಾರ್. ಓಟಿಪಿ ಅವರ ಫೋನಿಗೆ ಬಂದಿರ್ತದೆ."